ಬೆಕ್ಕು ನಿಜವಾಗಲೂ ಒಂಟಿ ಪ್ರಾಣಿನಾ? ಒಂದು ಮರಿ, ಎರಡು ಮರಿ, 9,500 ವರ್ಷದ ಕಥೆ

ಭಾಗ 1/6: ಪ್ರಶ್ನೆ

ಈ ಸಲದ ಇತಿಹಾಸ ಸರಣಿ ರಾಜರ ಬಗ್ಗೆ ಅಲ್ಲ, ಯುದ್ಧದ ಬಗ್ಗೆನೂ ಅಲ್ಲ. ಬೆಕ್ಕಿನ ಬಗ್ಗೆ. ನಗಬೇಡಿ, ಇದೂ ಇತಿಹಾಸಾನೇ.

ನಮ್ಮ ಕ್ಲಾಸಲ್ಲೇ ನಾಲ್ಕೈದು ಜನ ಇತ್ತೀಚೆಗೆ ಬೆಕ್ಕಿನ ಮರಿ ತಂದಿದೀರಾ. ಎಲ್ಲರದ್ದೂ ಒಂದೇ ಪ್ರಶ್ನೆ: "ಒಂದೇ ಇದೆ, ಪಾಪ ಬೇಜಾರಾಗತ್ತೆ, ಜೊತೆಗೆ ಇನ್ನೊಂದು ತರೋಣ್ವಾ?" ಅರ್ಧ ಜನ ಹೇಳೋದು, ಬೆಕ್ಕು ಒಂಟಿ ಪ್ರಾಣಿ, ಅದಕ್ಕೆ ಯಾರೂ ಬೇಡ. ಇನ್ನರ್ಧ ಜನ ಹೇಳೋದು, ಜೋಡಿ ಇಲ್ಲದೆ ಸಾಕೋದೇ ತಪ್ಪು. ನಮ್ಮ ಮನೇಲೂ ಇದೇ ಚರ್ಚೆ ನಡೀತಿದೆ. ತೀರ್ಮಾನ ಮಾಡೋಕೆ ಎರಡೇ ವಾರ ಟೈಮು. ಯಾಕೆ ಅಂತ ಐದನೇ ಭಾಗದಲ್ಲಿ ಹೇಳ್ತೀನಿ. ಮೊದಲು ಬೆಕ್ಕು ಎಲ್ಲಿಂದ ಬಂತು ನೋಡೋಣ.

ಭಾಗ 2/6: ಒಂಟಿ ಬೇಟೆಗಾರ

2007ರಲ್ಲಿ ಕಾರ್ಲೋಸ್ ಡ್ರಿಸ್ಕಾಲ್ ಮತ್ತು ಅವರ ತಂಡ 979 ಬೆಕ್ಕುಗಳ ಡಿಎನ್‌ಎ ಹೋಲಿಸಿ ನೋಡಿದರು. ಕಾಡಿನವೂ ಇದ್ದವು, ಮನೆಯವೂ ಇದ್ದವು. ಫಲಿತಾಂಶ ಇಷ್ಟು: ಪ್ರಪಂಚದ ಎಲ್ಲ ಸಾಕು ಬೆಕ್ಕುಗಳ ಮೂಲ ಫೆಲಿಸ್ ಲಿಬಿಕಾ ಅನ್ನೋ ಕಾಡುಬೆಕ್ಕು. ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣ ನೆಲದ ಪ್ರಾಣಿ. ಇದರ ಹತ್ತಿರದ ಬಳಗ ನಮ್ಮ ರಾಜಸ್ಥಾನ ಮತ್ತು ಕಛ್‌ನಲ್ಲಿ ಈಗಲೂ ಇದೆ.

ಈ ಕಾಡುಬೆಕ್ಕು ಒಂಟಿ. ಕಾರಣ ಸ್ವಭಾವಕ್ಕಿಂತ ಹೆಚ್ಚಾಗಿ ಲೆಕ್ಕಾಚಾರ. ಸಿಂಹ ಒಂದು ಕಾಡೆಮ್ಮೆ ಹೊಡೆದರೆ ಇಡೀ ಗುಂಪಿಗೆ ಊಟ. ಬೆಕ್ಕು ಹಿಡಿಯೋದು ಇಲಿ. ಒಂದು ಇಲಿ ಒಂದು ಬೆಕ್ಕಿನ ಒಂದು ದಿನಕ್ಕೇ ಸಾಲಲ್ಲ, ಹಂಚಿಕೊಳ್ಳೋ ಮಾತೆಲ್ಲಿ? ಅದಕ್ಕೇ ಪ್ರತಿಯೊಂದಕ್ಕೂ ತನ್ನದೇ ಜಾಗ, ತನ್ನದೇ ದಾರಿ. ಬೇರೆ ಬೆಕ್ಕು ಬಂದರೆ ದೂರ ಹೋಗೋದು, ಇಲ್ಲಾ ದೂರ ಓಡಿಸೋದು. ಜಗಳ ಆದಮೇಲೆ ರಾಜಿ ಆಗೋ ಕಲೆ ಇದಕ್ಕೆ ಅಷ್ಟಾಗಿ ಬರಲೇ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೇಲಿ ಬೇಕಾಗತ್ತೆ.

ಭಾಗ 3/6: ಕಣಜ ಬಂತು, ಬೆಕ್ಕು ಬಂತು

ಮನುಷ್ಯ ಬೇಸಾಯ ಶುರು ಮಾಡಿದ. ಕಾಳು ಕೂಡಿಟ್ಟ. ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಯಾರೂ ಕರೀಲಿಲ್ಲ.

ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಅನ್ನೋ ಜಾಗದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿ ಸಿಕ್ಕಿತು. ಅದರ ವಿವರವನ್ನು ಫ್ರಾನ್ಸಿನ ಝಾನ್ ಡೆನಿಸ್ ವೀನ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದರು. ಒಬ್ಬ ಮನುಷ್ಯ, ಅವನಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಸುಮಾರು ಎಂಟು ತಿಂಗಳ ಒಂದು ಬೆಕ್ಕು. ಸೈಪ್ರಸ್‌ನಲ್ಲಿ ಸ್ವಂತ ಕಾಡುಬೆಕ್ಕು ಇರಲಿಲ್ಲ. ಅಂದರೆ ಯಾರೋ ಅದರ ಪೂರ್ವಜರನ್ನು ದೋಣಿಯಲ್ಲಿ ಹತ್ತಿಸಿಕೊಂಡು ಸಮುದ್ರ ದಾಟಿದ್ದರು!

ಮುಂದೆ ಈಜಿಪ್ಟ್. ಅಲ್ಲಿನ ಸಮಾಧಿ ಚಿತ್ರಗಳಲ್ಲಿ ಬೆಕ್ಕು ಯಜಮಾನಿಯ ಕುರ್ಚಿ ಕೆಳಗೇ ಕೂತಿರತ್ತೆ. ಮನೆ ಬೆಕ್ಕು ಸತ್ತರೆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ತಿದ್ರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಊರಿನ ಕಣಜದ ಸುತ್ತ ಊಟಕ್ಕೆ ಬರ ಇರಲಿಲ್ಲ. ಊಟ ಒಂದೇ ಕಡೆ ಧಾರಾಳವಾಗಿ ಸಿಕ್ಕಾಗ, ಒಂಟಿ ಬೆಕ್ಕು ಇನ್ನೊಂದು ಬೆಕ್ಕಿನ ಪಕ್ಕ ಬದುಕೋದನ್ನೂ ಕಲೀತು.

ಭಾಗ 4/6: ಕೂತು ನೋಡಿದವರು

20ನೇ ಶತಮಾನದಲ್ಲಿ ಕೆಲವರು ಬೆಕ್ಕಿನ ಸ್ನೇಹವನ್ನೇ ಅಧ್ಯಯನ ಮಾಡಿದರು.

ಜರ್ಮನಿಯ ಪಾಲ್ ಲೈಹೌಸೆನ್ ಗಮನಿಸಿದ್ದು: ಅಕ್ಕಪಕ್ಕದ ಬೆಕ್ಕುಗಳು ಒಂದೇ ದಾರಿ, ಒಂದೇ ಬಿಸಿಲಿನ ಜಾಗ ಬಳಸುತ್ತವೆ, ಆದರೆ ಬೇರೆ ಬೇರೆ ಹೊತ್ತಲ್ಲಿ. ಥೇಟ್ ಪಿಜಿ ಬಾತ್‌ರೂಮ್ ಥರ. ಒಬ್ಬರು ಒಳಗಿದ್ರೆ ಇನ್ನೊಬ್ಬರು ಕಾಯ್ತಾರೆ.

1970ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ಡೇವಿಡ್ ಮ್ಯಾಕ್‌ಡೊನಾಲ್ಡ್ ಮತ್ತು ಪೀಟರ್ ಆಪ್ಸ್ ಇಂಗ್ಲೆಂಡಿನ ಹೊಲಮನೆಯ ಬೆಕ್ಕುಗಳನ್ನು ನೋಡುತ್ತಾ ಕೂತರು. ಅಲ್ಲಿ ಕಂಡಿದ್ದು ಬೇರೆ ಚಿತ್ರ. ತಾಯಿ, ಮಗಳು ಸೇರಿದ ಒಂದು ಬಳಗ. ಒಬ್ಬರ ಮರಿಗೆ ಇನ್ನೊಬ್ಬರು ಹಾಲು ಕುಡಿಸೋದು, ಮೈ ನೆಕ್ಕೋದು, ಒಂದೇ ಗೂಡಲ್ಲಿ ಮಲಗೋದು. ಆದರೆ ಹೊರಗಿನ ಅಪರಿಚಿತ ಬೆಕ್ಕು ಬಂದರೆ? ಹೊಡೆದು ಓಡಿಸೋದು. ಅಂದರೆ ಬೆಕ್ಕಿಗೆ ಸ್ನೇಹ ಗೊತ್ತು. ಸಿಕ್ಕಸಿಕ್ಕವರ ಜೊತೆ ಅಲ್ಲ, ಅಷ್ಟೇ.

1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ತೋರಿಸಿದ್ದು ವಯಸ್ಸಿನ ಮಾತು. ಸುಮಾರು ಎರಡನೇ ವಾರದಿಂದ ಏಳನೇ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಮುಂದೆ ಮನುಷ್ಯರಿಗೆ ಹೆಚ್ಚು ಹೊಂದಿಕೊಳ್ಳತ್ತೆ. ಒಡಹುಟ್ಟಿದವರ ಜೊತೆಗಿನ ಕುಸ್ತಿ ಆಟ ನಾಲ್ಕನೇ ವಾರಕ್ಕೆ ಶುರುವಾಗಿ ಮೂರು ತಿಂಗಳ ಆಸುಪಾಸಿನವರೆಗೂ ಜೋರಾಗಿರತ್ತೆ. ಎಷ್ಟು ಜೋರಾಗಿ ಕಚ್ಚಬಹುದು, ಎಲ್ಲಿ ನಿಲ್ಲಿಸಬೇಕು ಅನ್ನೋ ಪಾಠ ಆಗೋದು ಆಗಲೇ.

ಭಾಗ 5/6: ಬಾಗಿಲು ಮುಚ್ಚಿದ ವರ್ಷ

ನಮ್ಮ ಹಳ್ಳಿ ಮನೆಗಳಲ್ಲಿ "ಬೆಕ್ಕಿಗೆ ಜೊತೆ ಬೇಕಾ" ಅಂತ ಯಾರೂ ಕೇಳಿದ್ದಿಲ್ಲ. ಅಟ್ಟ, ಕೊಟ್ಟಿಗೆ, ಹಂಚಿನ ಮಾಡು, ಎಲ್ಲ ಅದರದ್ದೇ. ಮರಿ ಹಾಕಿದ ಬೆಕ್ಕು ಏಳು ಮನೆ ಸುತ್ತತ್ತೆ ಅಂತ ಅಜ್ಜಿಯಂದಿರು ಹೇಳ್ತಾರಲ್ಲ, ಸುತ್ತೋಕೆ ಏಳು ಮನೆ ಇತ್ತು. ಸ್ನೇಹ ಬೇಕಿದ್ರೆ ಮಾಡ್ಕೊಳ್ತಿತ್ತು, ಬೇಡದಿದ್ರೆ ಗೋಡೆ ಹಾರಿ ಹೋಗ್ತಿತ್ತು.

ಪೂರ್ತಿ ಮನೆಯೊಳಗಿನ ಬೆಕ್ಕು ತೀರಾ ಹೊಸದು. 1947ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಎಡ್ವರ್ಡ್ ಲೋವ್ ಅನ್ನೋರು ಬೆಕ್ಕಿನ ಕಕ್ಕಸಿಗೆ ಮರಳು, ಬೂದಿ ಬದಲು ಒಂದು ಬಗೆಯ ಒಣ ಜೇಡಿಮಣ್ಣು ಮಾರೋಕೆ ಶುರು ಮಾಡಿದರು. ನಾವು ಮುಖಕ್ಕೆ ಹಚ್ಚೋ ಮುಲ್ತಾನಿ ಮಿಟ್ಟಿ ಇದೆಯಲ್ಲ, ಅದೇ ಜಾತಿಯ ಮಣ್ಣು. ಐದು ಪೌಂಡ್ ಚೀಲಕ್ಕೆ 65 ಸೆಂಟ್. ವಾಸನೆ ಹೀರುತ್ತಿತ್ತು, ಹಾಗಾಗಿ ಬೆಕ್ಕನ್ನು ಹೊರಗೆ ಬಿಡದೇ ಸಾಕೋದು ಸುಲಭ ಆಯ್ತು. ಬೆಕ್ಕು ಗಾಡಿಗೆ ಸಿಗೋದು, ನಾಯಿ ಬಾಯಿಗೆ ಬೀಳೋದು ತಪ್ಪಿತು. ಜೊತೆಗೆ ಏಳು ಮನೆಯೂ ತಪ್ಪಿತು.

ಈಗ ನಮ್ಮ ಮನೆ ವಿಷಯ. ನಮ್ಮ ಬೊಟ್ಟು ತಿಪಟೂರು ಕಡೆ ಅಜ್ಜಿ ಮನೆಯ ತೆಂಗಿನಕಾಯಿ ಗೋಡೌನಲ್ಲಿ ಹುಟ್ಟಿದ್ದು. ಈಗ ಒಂಬತ್ತು ವಾರ. ಅವನ ತಂಗಿ ಇನ್ನೂ ಅಲ್ಲೇ ಇದೆ, ಎರಡು ವಾರದಲ್ಲಿ ಬೇರೆಯವರು ತಗೊಂಡು ಹೋಗ್ತಾರೆ. ನಮ್ಮದು ಎರಡನೇ ಮಹಡಿ ಬಾಡಿಗೆ ಮನೆ. ಅಪ್ಪ ಅಮ್ಮ ಕೆಲಸಕ್ಕೆ, ನಾನು ಕಾಲೇಜಿಗೆ. ದಿನಕ್ಕೆ ಎಂಟು ಗಂಟೆ ಬೀಗ. ಅಮ್ಮ ಹೇಳೋದು, "ಒಂದರ ಖರ್ಚೇ ಸಾಕಾಗಿದೆ ಕಣೋ." ಬಿಕಾಂ ಹುಡುಗ ನಾನು, ಒಪ್ಪಲೇಬೇಕು: ಊಟ, ಲಸಿಕೆ, ಆಪರೇಷನ್, ಎಲ್ಲ ಡಬಲ್. ಅದರಲ್ಲೂ ಅಣ್ಣ ತಂಗಿ ಅಂದಮೇಲೆ ಆಪರೇಷನ್ ಮುಂದೂಡೋ ಹಾಗೇ ಇಲ್ಲ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಗಬ್ಬ ಆಗಬಹುದು.

ಭಾಗ 6/6: ಹಾಗಾದ್ರೆ ಜೊತೆ ಬೇಕಾ?

ಇತಿಹಾಸ ಓದಿ ನನಗೆ ಅನ್ನಿಸಿದ್ದು ಹೀಗೆ. ಬೆಕ್ಕಿಗೆ "ಇನ್ನೊಂದು ಬೆಕ್ಕು" ಬೇಕಿಲ್ಲ. ಬೇಕಿದ್ದರೆ ಅದಕ್ಕೆ ಬೇಕಾಗಿರೋದು ತನ್ನವರು. ಒಂಟಿಯಾಗಿ ಬೇಟೆ ಆಡೋದು ಬೇರೆ, ಒಂಟಿಯಾಗಿ ಬೀಗದೊಳಗೆ ಇರೋದು ಬೇರೆ.

ಮರಿ ಚಿಕ್ಕದು, ಮನೆ ದಿನವಿಡೀ ಖಾಲಿ, ಒಡಹುಟ್ಟಿದ ಮರಿ ಸಿಗತ್ತೆ, ಎರಡರ ಖರ್ಚಿಗೂ ದುಡ್ಡಿದೆ ಅಂದ್ರೆ ಎರಡನ್ನೂ ಒಟ್ಟಿಗೇ ತನ್ನಿ. ಒಡಹುಟ್ಟು ಇಲ್ಲದಿದ್ರೆ ಅದೇ ವಯಸ್ಸಿನ ಮರಿ ಪರವಾಗಿಲ್ಲ.

ಮನೇಲಿ ಯಾವಾಗಲೂ ಯಾರಾದ್ರೂ ಇರ್ತಾರೆ, ದಿನಾ ಎರಡು ಮೂರು ಸಲ ಆಡಿಸ್ತಾರೆ ಅಂದ್ರೆ ಒಂದೇ ಸಾಕು. ಅದಕ್ಕೆ ಅನ್ಯಾಯ ಏನೂ ಆಗಲ್ಲ.

ವಯಸ್ಸಾದ ಬೆಕ್ಕು ಇರೋ ಮನೆಗೆ "ಅದಕ್ಕೆ ಬೇಜಾರು" ಅಂತ ತುಂಟ ಮರಿ ತರೋ ಮುಂಚೆ ಹತ್ತು ಸಲ ಯೋಚಿಸಿ. ತರಲೇಬೇಕು ಅಂದ್ರೆ ಕೆಲವು ದಿನ ಬೇರೆ ಕೋಣೆ, ಒಂದರ ವಾಸನೆ ಇರೋ ಬಟ್ಟೆ ಇನ್ನೊಂದಕ್ಕೆ, ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ, ಆಮೇಲೆ ಮುಖಾಮುಖಿ. ತಟ್ಟೆ ದೂರ ದೂರ ಇಡಿ. ಎರಡು ಬೆಕ್ಕಿಗೆ ಮೂರು ಕಕ್ಕಸಿನ ಟ್ರೇ.

ಎರಡನೇ ಭಾಗದಲ್ಲಿ ಹೇಳಿದ್ದು ಇಲ್ಲಿಗೆ ಬಂತು. ಬೆಕ್ಕು ಜಗಳ ಬಗೆಹರಿಸೋದು ದೂರ ಹೋಗಿ. ಒಂದು ಬಿಎಚ್‌ಕೆಯಲ್ಲಿ ದೂರ ಅಂದ್ರೆ ಎಲ್ಲಿ? ಕೊನೆಗೆ ಎರಡನೇದನ್ನ ಮಾರ್ಕೆಟ್ ಹತ್ರ ಬಿಟ್ಟು ಬರೋ ಜನ ಇದ್ದಾರೆ. ಮನೆಯಲ್ಲಿ ಬೆಳೆದ ಮರಿಗೆ ಬೀದಿ ಗೊತ್ತಿರಲ್ಲ. ನಮ್ಮ ಮನಸ್ಸಿನ ಸಮಾಧಾನಕ್ಕೆ ತಂದ "ಜೊತೆ" ಅದರ ಜೀವಕ್ಕೇ ಕುತ್ತು.

ನಮ್ಮ ಮನೆ ತೀರ್ಮಾನ: ತಂಗಿ ಬರ್ತಾಳೆ. ಓನರ್ ಒಪ್ಪಿದಾರೆ. ಆಪರೇಷನ್ ದುಡ್ಡು ನನ್ನ ಟ್ಯೂಷನ್ ಸಂಬಳದಿಂದ ಅಂತ ಅಮ್ಮನ ಹತ್ರ ಲೆಕ್ಕ ಬರೆದು ಕೊಟ್ಟಾಯ್ತು.

ನಿಮ್ಮನೇಲಿ ಎಷ್ಟು? ಒಂದಾ, ಎರಡಾ? ಹೇಗೆ ತೀರ್ಮಾನ ಮಾಡಿದ್ರಿ, ಕೆಳಗೆ ಬರೀರಿ. ಮರಿ ತರೋ ಯೋಚನೆಲಿರೋ ಫ್ರೆಂಡ್‌ಗೆ ತರೋ ಮುಂಚೆನೇ ಕಳಿಸಿ.

#ಬೆಕ್ಕಿನಇತಿಹಾಸ #ಕನ್ನಡದಲ್ಲಿಇತಿಹಾಸ #ಬೊಟ್ಟು