ಮಾಹಿತಿ ಅರ್ಜಿ ಮತ್ತು ದೂರು: ಕರ್ನಾಟಕದಲ್ಲಿ ಎರಡು ದಾರಿಗಳ ಚರಿತ್ರೆ

ಸರ್ಕಾರಿ ಕಚೇರಿಯಿಂದ ಅನ್ಯಾಯವಾಯಿತು ಎಂದು ಕಂಡಾಗ ನಾಗರಿಕ ಎರಡು ಬಗೆಯ ಕಾಗದ ಬರೆಯಬಹುದು. ಒಂದು, ಮಾಹಿತಿ ಹಕ್ಕು ಕಾಯ್ದೆಯಡಿ ಕಡತದ ನಕಲು ಕೇಳುವ ಅರ್ಜಿ. ಇನ್ನೊಂದು, ತಪ್ಪು ನಡೆದಿದೆ, ವಿಚಾರಿಸಿ ಎಂದು ಮೇಲಧಿಕಾರಿಗೋ ಲೋಕಾಯುಕ್ತಕ್ಕೋ ಕೊಡುವ ದೂರು. ಅರ್ಜಿ ದಾಖಲೆ ಕೊಡಿಸುತ್ತದೆ, ತಪ್ಪಿತಸ್ಥರನ್ನು ಶಿಕ್ಷಿಸುವುದಿಲ್ಲ. ದೂರು ವಿಚಾರಣೆಗೆ ದಾರಿ ಮಾಡುತ್ತದೆ, ಆದರೆ ಆಧಾರ ಕೇಳುತ್ತದೆ. ಯಾವುದನ್ನು ಮೊದಲು ಬರೆಯಬೇಕು ಎಂಬ ಪ್ರಶ್ನೆ ಕರ್ನಾಟಕದಲ್ಲಿ ಹುಟ್ಟಿದ್ದೇ 2000ದ ನಂತರ. ಅಲ್ಲಿಯವರೆಗೆ ಜನರ ಕೈಯಲ್ಲಿದ್ದದ್ದು ದೂರು ಒಂದೇ.

ಅಹವಾಲಿನ ಕಾಲ

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 144 ಪ್ರತಿನಿಧಿಗಳು ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರಿದರು. ದಿವಾನರು ಆಡಳಿತದ ವರದಿ ಓದುವುದು, ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಕುಂದುಕೊರತೆ ಹೇಳಿಕೊಳ್ಳುವುದು ಸಭೆಯ ಕ್ರಮ. ಲೆಕ್ಕ ಹೇಳುವುದು, ಅಹವಾಲು ಕೇಳುವುದು ಎರಡೂ ಒಂದೇ ಸೂರಿನಡಿ ನಡೆದವು ಎಂಬುದು ಗಮನಿಸಬೇಕಾದ ಸಂಗತಿ. ಆದರೆ ಎಷ್ಟು ಹೇಳಬೇಕು ಎಂಬುದು ದಿವಾನರ ಇಚ್ಛೆಗೆ ಬಿಟ್ಟದ್ದು. ಕಡತ ತೋರಿಸಿ ಎನ್ನುವ ಹಕ್ಕು ಪ್ರಜೆಗೆ ಇರಲಿಲ್ಲ. ಬ್ರಿಟಿಷ್ ಭಾರತದಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಕಡತಕ್ಕೆ ಬೀಗವನ್ನೇ ಹಾಕಿತು. ಸ್ವಾತಂತ್ರ್ಯ ಬಂದ ಮೇಲೂ ಆ ಬೀಗ ಹಾಗೆಯೇ ಉಳಿಯಿತು.

ಈ ವಿಷಯದಲ್ಲಿ ಸ್ವೀಡನ್ ನಡೆದ ದಾರಿ ನಮ್ಮದಕ್ಕೆ ತಿರುವುಮುರುವು. ಅಲ್ಲಿ 1766ರಲ್ಲೇ ಸರ್ಕಾರಿ ದಾಖಲೆ ನೋಡುವ ಹಕ್ಕು ಕಾನೂನಾಯಿತು. ಸಂಸತ್ತು ನೇಮಿಸುವ ಒಂಬುಡ್ಸ್‌ಮನ್‌ ಹುದ್ದೆ ಬಂದದ್ದು 1809ರಲ್ಲಿ. ಅಂದರೆ ಕಾಗದ ನೋಡುವ ಅಭ್ಯಾಸ ಬೇರೂರಿದ ಮೇಲೆ ದೂರು ಕೇಳುವವನು ಬಂದ. ಇಲ್ಲಿ ದೂರಿನ ಬಾಗಿಲು ಮೊದಲು ತೆರೆಯಿತು, ಕಡತದ ಬಾಗಿಲು ಬಹಳ ತಡವಾಗಿ ತೆರೆಯಿತು. ಇವತ್ತಿಗೂ ನಮ್ಮ ಮಾಹಿತಿ ಅರ್ಜಿಗಳು ದೂರಿನ ದನಿಯಲ್ಲೇ ಇರುವುದಕ್ಕೆ ಈ ಹಳೆಯ ರೂಢಿಯೇ ದೊಡ್ಡ ಕಾರಣವೆಂದು ಹೇಳಬಹುದು.

ಲೋಕಾಯುಕ್ತ

ದೂರು ಕೇಳುವ ಇಂಥ ಹುದ್ದೆಗೆ ಭಾರತದಲ್ಲಿ ‘ಲೋಕಪಾಲ’ ಎಂಬ ಹೆಸರನ್ನು ಟಂಕಿಸಿದವರು ಎಲ್.ಎಂ. ಸಿಂಘ್ವಿ, 1963ರಲ್ಲಿ. ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕೆಂದು ಮೊದಲ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಶಿಫಾರಸು ಮಾಡಿತು. ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರದು. ಸಂಸ್ಥೆ ಕೆಲಸ ಶುರುಮಾಡಿದ್ದು 1986ರ ಜನವರಿಯಲ್ಲಿ. ಕಾಯ್ದೆ ದೂರನ್ನು ಎರಡಾಗಿ ಬಿಡಿಸುತ್ತದೆ. ದುರಾಡಳಿತದಿಂದ ತನಗೆ ತೊಂದರೆಯಾಯಿತು ಎಂಬುದು ‘ಅಹವಾಲು’. ನೌಕರ ಅಧಿಕಾರ ದುರುಪಯೋಗ ಮಾಡಿದ, ಲಂಚ ತಿಂದ ಎಂಬುದು ‘ಆರೋಪ’. ಅಹವಾಲನ್ನು ವಿಷಯ ತಿಳಿದ ಆರು ತಿಂಗಳೊಳಗೆ ತರಬೇಕು. ಆರೋಪಕ್ಕೆ ಐದು ವರ್ಷಗಳ ಅವಧಿಯಿದೆ. ದೂರು ನಿಗದಿತ ನಮೂನೆಯಲ್ಲಿರಬೇಕು, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆಯೂ ಉಂಟು. ಹೆಸರು ಮುಚ್ಚಿಟ್ಟುಕೊಂಡು ನಡೆಯುವ ದಾರಿ ಇದಲ್ಲ.

ಸಂಸ್ಥೆಯ ಹೆಸರು ಹಳ್ಳಿಹಳ್ಳಿಗೆ ತಲುಪಿದ್ದು ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರ ಅವಧಿಯಲ್ಲಿ (2001-2006). ಅವರ ನಂತರ ಬಂದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಬಳ್ಳಾರಿಯ ಅಕ್ರಮ ಗಣಿಗಾರಿಕೆ ಕುರಿತು 2008ರಲ್ಲಿ ಮತ್ತು 2011ರ ಜುಲೈನಲ್ಲಿ ವರದಿ ಕೊಟ್ಟರು. ಎರಡನೆಯ ವರದಿಯ ಬೆನ್ನಿಗೇ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ದೂರು ಕೇಳುವ ಸಂಸ್ಥೆಯೊಂದು ತಲುಪಬಹುದಾದ ಎತ್ತರ ಅದು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಆ ಆದೇಶವನ್ನು ಹೈಕೋರ್ಟ್ ರದ್ದು ಮಾಡಿದ್ದು 2022ರ ಆಗಸ್ಟ್‌ನಲ್ಲಿ. ನಡುವಿನ ಆರು ವರ್ಷ ಲಂಚದ ದೂರು ಹಿಡಿದು ಯಾವ ಬಾಗಿಲಿಗೆ ಹೋಗಬೇಕು ಎಂದು ಜನ ತಡಕಾಡಿದರು. ಇದನ್ನು ರಾಜ್ಯ ತನ್ನ ಪ್ರಜೆಗಳಿಗೆ ಮಾಡಿದ ಅನ್ಯಾಯವೆಂದೇ ದಾಖಲಿಸಬೇಕು.

ಕಡತದ ಬಾಗಿಲು

ಸರ್ಕಾರದ ನಡೆನುಡಿ ತಿಳಿಯುವ ಹಕ್ಕು ಜನರಿಗಿದೆ ಎಂದು ಸುಪ್ರೀಂ ಕೋರ್ಟ್ 1975ರ ರಾಜ್ ನಾರಾಯಣ್ ಪ್ರಕರಣದಲ್ಲೇ ಹೇಳಿತ್ತು. ಆ ಮಾತು ಬೀದಿಗೆ ಇಳಿದದ್ದು ರಾಜಸ್ಥಾನದಲ್ಲಿ. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಹಳ್ಳಿಯ ಕೂಲಿಗಾರರು 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕನಿಷ್ಠ ಕೂಲಿಗಾಗಿ ಹೋರಾಡುತ್ತಿತ್ತು. ಕೂಲಿ ಕೊಟ್ಟಿಲ್ಲ ಎಂದು ದೂರಿದಾಗಲೆಲ್ಲ ದಾಖಲೆಯಲ್ಲಿ ನೀವು ಕೆಲಸವನ್ನೇ ಮಾಡಿಲ್ಲ ಎಂಬ ಉತ್ತರ ಬರುತ್ತಿತ್ತು. ಹಾಗಾದರೆ ಆ ದಾಖಲೆ ತೋರಿಸಿ ಎಂದು ಅವರು ಪಟ್ಟುಹಿಡಿದರು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾ ಎಂಬ ಊರಿನಲ್ಲಿ ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆಯ ಸಭೆ, ನಡೆಯಿತು. ಇಂಥ ಸಭೆಗಳಲ್ಲಿ ಹಾಜರಿ ಪಟ್ಟಿಯ ಹೆಸರುಗಳನ್ನು ಊರವರ ಎದುರೇ ಗಟ್ಟಿಯಾಗಿ ಓದುತ್ತಿದ್ದರು. ಕೆಲಸಕ್ಕೇ ಹೋಗದವರ ಹೆಸರು, ಸತ್ತವರ ಹೆಸರು ಒಂದೊಂದಾಗಿ ಹೊರಬರುತ್ತಿತ್ತು. ವರ್ಷಗಟ್ಟಲೆ ಕೊಟ್ಟ ದೂರು ಸಾಬೀತುಮಾಡದ್ದನ್ನು ಒಂದು ಹಾಳೆ ಸಾಬೀತುಮಾಡಿತು. ಇದೇ ಬೇಡಿಕೆಯಿಟ್ಟು 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ ಆರಂಭವಾದ ಧರಣಿ 40 ದಿನ ನಡೆಯಿತು. ದೇಶಕ್ಕೆ ಮಾಹಿತಿ ಹಕ್ಕು ಬಂದದ್ದು ಆ ಕೂಲಿಗಾರರ ಋಣ.

ತಮಿಳುನಾಡು ಮತ್ತು ಗೋವಾ 1997ರಲ್ಲಿ ತಮ್ಮದೇ ಕಾನೂನು ಮಾಡಿದವು. ಕರ್ನಾಟಕದ ಕಾಯ್ದೆ 2000ದಲ್ಲಿ ಬಂತು, ಆದರೆ ನಿಯಮಗಳಾಗಿ ಜಾರಿಗೆ ಬರುವಾಗ 2002 ಆಗಿತ್ತು. ಸಂಸತ್ತು ಅಂಗೀಕರಿಸಿದ ಈಗಿನ ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಯಾಯಿತು. ಕೇಳಿದ್ದಕ್ಕೆ 30 ದಿನಗಳಲ್ಲಿ ಉತ್ತರ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯಲ್ಲಿ. ಯಾಕೆ ಕೇಳುತ್ತಿದ್ದೀರಿ ಎಂದು ಕಚೇರಿ ಕೇಳುವಂತಿಲ್ಲ. 6(2)ನೇ ಕಲಂ ಅದನ್ನು ಸ್ಪಷ್ಟವಾಗಿ ತಡೆಯುತ್ತದೆ. ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಅದನ್ನು ಪೋಸ್ಟಲ್ ಆರ್ಡರ್ ಮೂಲಕವೂ ಕಟ್ಟಬಹುದು.

ಏಕೆ ಎಂದು ಕೇಳಿದರೆ

ಎರಡು ದಾರಿಗಳ ನಡುವಿನ ಗೆರೆ ಎಳೆದದ್ದು ಬಹುಮಟ್ಟಿಗೆ ನ್ಯಾಯಾಲಯಗಳು. ಒಂದು ಕ್ರಮವನ್ನು ಏಕೆ ಕೈಗೊಂಡಿರಿ, ಏಕೆ ಕೈಗೊಳ್ಳಲಿಲ್ಲ ಎಂಬುದು ಮಾಹಿತಿಯಲ್ಲ, ಸಮರ್ಥನೆ ಕೇಳುವುದು ಎಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲಿ ತೀರ್ಪು ಕೊಟ್ಟಿತು. ಕಚೇರಿಯಲ್ಲಿ ಇರುವ ದಾಖಲೆಯನ್ನಷ್ಟೇ ಕೊಡಬೇಕು, ಅಭಿಪ್ರಾಯ ಸಲಹೆಗಳನ್ನು ಹೊಸದಾಗಿ ಬರೆದುಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿತು. ಕರ್ನಾಟಕ ಸರ್ಕಾರ 2008ರಲ್ಲಿ ನಿಯಮ ತಿದ್ದಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಎಂದು ಕಟ್ಟು ಹಾಕಿತು. ಕಡಿಮೆ ಓದುಬರಹ ಬಲ್ಲವರಿಗೆ ಈ ಕಟ್ಟು ತೊಡಕೇ ಆಯಿತು. ಒಡಲುರಿ ತೋಡಿಕೊಳ್ಳದೆ ನೇರವಾಗಿ ದಾಖಲೆಯ ಹೆಸರು ಹೇಳುವುದನ್ನು ಅದು ಅರ್ಜಿದಾರರಿಗೆ ಕಲಿಸಿದ್ದೂ ನಿಜ.

ಊರಿನ ಒಂದು ಚರಂಡಿಯನ್ನೇ ತೆಗೆದುಕೊಳ್ಳೋಣ. ಕಟ್ಟಿದ ವರ್ಷದಲ್ಲೇ ಕುಸಿದಿದೆ. ‘ಚರಂಡಿ ಇಷ್ಟು ಬೇಗ ಕುಸಿಯಲು ಕಾರಣವೇನು, ಇದಕ್ಕೆ ಯಾರು ಹೊಣೆ’ ಎಂದು ಮಾಹಿತಿ ಅರ್ಜಿ ಬರೆದರೆ, ತಾವು ಕೋರಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ, ಒಂದು ತಿಂಗಳು ಹೋಗುತ್ತದೆ. ಅದರ ಬದಲು ‘ಸದರಿ ಕಾಮಗಾರಿಯ ಅಂದಾಜು ಪಟ್ಟಿ, ಗುತ್ತಿಗೆ ಕರಾರು, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಅಂತಿಮ ಬಿಲ್, ಗುಣಮಟ್ಟ ಪರೀಕ್ಷಾ ವರದಿ: ಇವುಗಳ ದೃಢೀಕೃತ ನಕಲು’ ಎಂದು ಬರೆದರೆ ಕಚೇರಿ ನುಣುಚಿಕೊಳ್ಳುವುದು ಕಷ್ಟ. ಇವುಗಳಲ್ಲಿ ಅಳತೆ ಪುಸ್ತಕದ ಪುಟವೇ ಮುಖ್ಯ. ಉದ್ದ, ಅಗಲ, ಆಳದ ಅಂಕಿಗಳು ಸಾಲಾಗಿ ಇರುತ್ತವೆ. ಕೊನೆಗೆ ಅಳತೆ ತೆಗೆದ ಎಂಜಿನಿಯರ್ ಸಹಿ, ತಾರೀಖು. ಆ ನಕಲು ಹಿಡಿದು ಟೇಪಿನಲ್ಲಿ ಚರಂಡಿ ಅಳೆದರೆ ಸಾಕು. ಪುಸ್ತಕದಲ್ಲಿ 120 ಮೀಟರ್, ನೆಲದ ಮೇಲೆ 85 ಎನ್ನೋಣ. ಇನ್ನು ಬರೆಯಬೇಕಾದ ದೂರು ಉದ್ದವಿರಬೇಕಿಲ್ಲ. ಇಂಥ ಪುಟದಲ್ಲಿ ಇಂಥವರ ಸಹಿ, ಇಷ್ಟು ಮೀಟರ್ ಕಾಮಗಾರಿ ಕಾಣೆ, ಅಷ್ಟೇ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಈ ಹಕ್ಕನ್ನು ಬಳಸುವವರು ತೀರ ಕಡಿಮೆ ಎಂಬುದು ನೋವಿನ ಸಂಗತಿ.

ಯಾವುದು ಮೊದಲು

ಮೊದಲು ದಾಖಲೆ, ಆಮೇಲೆ ದೂರು ಎಂಬ ಕ್ರಮ ಇಂಥ ಅನುಭವದಿಂದಲೇ ರೂಢಿಗೆ ಬಂತು. ಅದಕ್ಕೆ ಕಾನೂನಿನಲ್ಲೂ ಒಂದು ಕಾರಣವಿದೆ. ತನಿಖೆಗೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಎನ್ನುತ್ತದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಕಲಂ. ದೂರು ಮೊದಲೇ ಕೊಟ್ಟುಬಿಟ್ಟರೆ, ವಿಚಾರಣೆ ನಡೆಯುತ್ತಿದೆ ಎಂಬ ನೆಪದಲ್ಲಿ ಕಡತ ಕೊಡದೇ ಇರಲು ಕಚೇರಿಗೆ ದಾರಿಯಾಗುತ್ತದೆ. ತನಿಖೆ ಬಾಕಿಯಿದೆ ಎಂದಷ್ಟೇ ಹೇಳಿದರೆ ಸಾಲದು, ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೂ ಆ ನೆಪ ನಿಂತಿಲ್ಲ.

ಈ ಕ್ರಮ ಎಲ್ಲ ಕಡೆಗೂ ಸಲ್ಲುವುದಿಲ್ಲ. ಲಂಚಕ್ಕೆ ಕೈಚಾಚಿ ಕೂತಿರುವ ನೌಕರನ ವಿಷಯದಲ್ಲಿ ಮಾಹಿತಿ ಅರ್ಜಿ ಬರೆದರೆ ಅವನನ್ನು ಎಚ್ಚರಿಸಿದಂತೆ. ಅಲ್ಲಿ ತಡಮಾಡದೆ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಬೇಕು. ಆರು ತಿಂಗಳ ಗಡುವಿರುವ ಅಹವಾಲಿನಲ್ಲೂ ಎಚ್ಚರ ಬೇಕು. ಅರ್ಜಿಗೆ 30 ದಿನ, ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ 45 ದಿನದವರೆಗೆ, ಆಮೇಲೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಆಯೋಗದ ಮುಂದಿನ ವಿಚಾರಣೆಗೆ ಕಾಯ್ದೆ ಕಾಲಮಿತಿಯನ್ನೇ ಹಾಕಿಲ್ಲ. ಕಾಗದಕ್ಕಾಗಿ ಕಾಯುತ್ತಾ ಕೂತರೆ ದೂರಿನ ಗಡುವು ಕಳೆದುಹೋಗುತ್ತದೆ.

ಜಾತಿ ಪ್ರಮಾಣಪತ್ರ, ಖಾತೆ ಬದಲಾವಣೆಯಂಥ ಕೆಲಸ ತಡವಾದಾಗ ಹಿಂದೆ ಜನ ಮಾಹಿತಿ ಅರ್ಜಿಯನ್ನೇ ಅಂಕುಶವಾಗಿ ಬಳಸುತ್ತಿದ್ದರು. 2011ರ ಸಕಾಲ ಕಾಯ್ದೆ ಅದಕ್ಕೆ ಬೇರೆಯೇ ದಾರಿ ಮಾಡಿಕೊಟ್ಟಿತು. 2012ರ ಏಪ್ರಿಲ್‌ನಿಂದ ರಾಜ್ಯವಿಡೀ ಜಾರಿಯಾದ ಈ ವ್ಯವಸ್ಥೆಯಲ್ಲಿ ಪ್ರತಿ ಸೇವೆಗೂ ಗಡುವು, ಅರ್ಜಿಗೊಂದು ಸಂಖ್ಯೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ದಾಖಲೆಯೂ ಬೇಡ, ಯಾರ ಮೇಲೆ ಆರೋಪವೂ ಬೇಡ, ಕೆಲಸವಾದರೆ ಸಾಕು ಎನ್ನುವವರಿಗೆ ಇದೇ ಸರಿಯಾದ ಬಾಗಿಲು.

ಮಾಹಿತಿ ಕಾಯ್ದೆಯ ಒಳಗೇ ಇನ್ನೊಂದು ಕವಲಿದೆ. ಎಷ್ಟೋ ಅರ್ಜಿದಾರರು ಎಡವುವುದು ಅಲ್ಲೇ. ಮಾಹಿತಿ ಸಿಗದಿದ್ದಾಗ ಆಯೋಗಕ್ಕೆ 18ನೇ ಕಲಮಿನಡಿ ದೂರು ಕೊಡಬಹುದು, 19ರಡಿ ಮೇಲ್ಮನವಿಯನ್ನೂ ಸಲ್ಲಿಸಬಹುದು. ಎರಡೂ ಒಂದೇ ಎಂದು ತಿಳಿದು ಅನೇಕರು ನೇರವಾಗಿ ದೂರು ಬರೆಯುತ್ತಿದ್ದರು. 18ರಡಿ ಆಯೋಗ ದಂಡ ಹಾಕಬಹುದೇ ಹೊರತು ಮಾಹಿತಿ ಕೊಡಿ ಎಂದು ಆದೇಶಿಸಲಾಗದು, ಅದಕ್ಕೆ 19ರ ಮೇಲ್ಮನವಿಯೇ ದಾರಿ ಎಂದು ಸುಪ್ರೀಂ ಕೋರ್ಟ್ 2011ರ ಡಿಸೆಂಬರ್‌ನಲ್ಲಿ ಮಣಿಪುರದ ಪ್ರಕರಣವೊಂದರಲ್ಲಿ ನಿರ್ಣಯಿಸಿತು. ಕಾಗದ ಬೇಕಾದವರು ಮೇಲ್ಮನವಿ ಹಾಕಬೇಕು, ಅಧಿಕಾರಿಗೆ ದಂಡವಾಗಲಿ ಎನ್ನುವವರು ದೂರು ಕೊಡಬೇಕು.

ದೂರು ಕೊಟ್ಟ ಮೇಲೂ ಮಾಹಿತಿ ಅರ್ಜಿಗೆ ಕೆಲಸವಿದೆ. ಟಪಾಲು ಶಾಖೆಯ ಮೊಹರು ಬಿದ್ದ ದೂರು ಯಾವ ದಿನ ಯಾವ ಮೇಜಿಗೆ ಹೋಯಿತು, ಟಿಪ್ಪಣಿ ಹಾಳೆಯಲ್ಲಿ ಯಾರು ಏನು ಬರೆದರು ಎಂದು ಕೇಳಿದರೆ, ಮಲಗಿದ್ದ ಕಡತ ಎದ್ದು ಕೂರುತ್ತದೆ. ಹೀಗೆ ಒಂದನ್ನೊಂದು ನೂಕುವ ಜೋಡಿಯಾಗಿ ಬಳಸಿದಾಗಲೇ ಈ ಎರಡು ಕಾಗದಗಳು ಹೆಚ್ಚು ಫಲ ಕೊಟ್ಟಿವೆ.

ಇತ್ತೀಚಿನ ತಿರುವುಗಳು

ಅರ್ಜಿ ಹಾಕಿದವರ, ದೂರು ಕೊಟ್ಟವರ ರಕ್ಷಣೆಯ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. 2010ರ ಒಂದೇ ವರ್ಷದಲ್ಲಿ ಪುಣೆಯ ಬಳಿ ಸತೀಶ್ ಶೆಟ್ಟಿ, ಅಹಮದಾಬಾದಿನಲ್ಲಿ ಅಮಿತ್ ಜೇಠವಾ ಕೊಲೆಯಾದರು. ಒಬ್ಬರು ಭೂ ಅಕ್ರಮದ, ಇನ್ನೊಬ್ಬರು ಗಿರ್ ಕಾಡಿನ ಸುತ್ತಲಿನ ಅಕ್ರಮ ಗಣಿಗಾರಿಕೆಯ ಬೆನ್ನುಹತ್ತಿದ್ದವರು. ಭ್ರಷ್ಟಾಚಾರ ಬಯಲಿಗೆಳೆಯುವವರನ್ನು ಕಾಯುವ ಕಾನೂನಿಗೆ 2014ರಲ್ಲಿ ರಾಷ್ಟ್ರಪತಿಯ ಅಂಕಿತ ಬಿದ್ದರೂ ಅದು ಜಾರಿಯಾಗದೆ ಉಳಿಯಿತು. 2019ರ ತಿದ್ದುಪಡಿ ಮಾಹಿತಿ ಆಯುಕ್ತರ ಅವಧಿ, ಸಂಬಳಗಳನ್ನು ಗೊತ್ತುಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟು ಆಯೋಗಗಳ ಸ್ವಾತಂತ್ರ್ಯವನ್ನು ಮೊಟಕುಮಾಡಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಹಿಡಿಯಬಹುದಿತ್ತು. ತಿದ್ದಿದ ಮೇಲೆ ಆ ಷರತ್ತುಗಳಿಲ್ಲ. ‘ವೈಯಕ್ತಿಕ ಮಾಹಿತಿ’ ಎಂದರೆ ಮುಗಿಯಿತು. ಕೋಟ್ ಕಿರಾಣಾದ ಸಭೆಯಲ್ಲಿ ಓದಿದ್ದು ಹೆಸರುಗಳ ಪಟ್ಟಿಯನ್ನೇ. ಅಂಥ ಪಟ್ಟಿ ಕೇಳುವವರಿಗೆ ಉಳಿದಿರುವ ಆಸರೆ 8(2)ನೇ ಕಲಂ: ಸಾರ್ವಜನಿಕ ಹಿತ ಹೆಚ್ಚಿನದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. ಕಾರಣ ಹೇಳಬೇಕಿಲ್ಲ ಎಂದು ಕಾಯ್ದೆ ಮಾತುಕೊಟ್ಟಿದ್ದ ಅರ್ಜಿಯಲ್ಲೇ ಈಗ ಯಾರಿಂದ, ಯಾರಿಗೆ, ಎಂಥ ಅನ್ಯಾಯವಾಗಿದೆ ಎಂದು ಬರೆದು ಹಿತ ಯಾವುದೆಂದು ತೋರಿಸಬೇಕಾಗಿದೆ. ಹಾಗೆ ಬರೆದ ಮಾಹಿತಿ ಅರ್ಜಿ ಓದಲು ದೂರಿನ ಹಾಗೆಯೇ ಇರುತ್ತದೆ.