ಫಲನಕ್ಷೇತ್ರಗಳಲ್ಲಿ ಪರಿಮಿತ ಪರಿಹಾರಗಳು: ಒಂದು ಸಾಧನೆಯ ಪುನರವಲೋಕನ

ಮಹಾವೀರಾಚಾರ್ಯರ ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರದಲ್ಲಿ ಬರುವ ಕುಟ್ಟೀಕಾರ ಗಣಿತವು ವಿದ್ವಾಂಸರಿಗೆ ಸುಪರಿಚಿತವಾದುದು. ಏಳರಿಂದ ಭಾಗಿಸಿದರೆ ಎರಡೂ ಐದರಿಂದ ಭಾಗಿಸಿದರೆ ಮೂರೂ ಉಳಿಯುವ ರಾಶಿ ಯಾವುದೆಂದು ಕೇಳಿದರೆ 23 ಎಂಬ ಉತ್ತರ ದೊರೆಯುತ್ತದೆ. 35ನ್ನು ಕೂಡಿಸುತ್ತ ಹೋದರೆ 58, 93 ಎಂದು ಉತ್ತರಗಳಿಗೆ ಕೊನೆಯಿಲ್ಲ. ಘಾತವು ಏರಿದ ಸಮೀಕರಣಗಳಲ್ಲಿ ಪರಿಹಾರಗಳು ಪರಿಮಿತವಾಗಬಹುದು. ಪ್ರಾಚೀನರು ಇದನ್ನೂ ಬಲ್ಲವರಾಗಿದ್ದರೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಈ ಪರಿಮಿತತ್ವದ ಆಧುನಿಕ ಚರಿತ್ರೆಯಲ್ಲಿ ಗ್ರಂಥಸಂಪಾದನೆ ಮಾಡುವವರು ಮನನ ಮಾಡಬೇಕಾದ ಪ್ರಸಂಗವೊಂದಿದೆ.

ಎರಡು ಅವ್ಯಕ್ತಗಳ ಸಮೀಕರಣವು ಒಂದು ವಕ್ರವನ್ನು ನಿರೂಪಿಸುತ್ತದೆ. ಸಂಕೀರ್ಣ ಸಂಖ್ಯೆಗಳಲ್ಲಿ ನೋಡಿದಾಗ ಅದು ರಂಧ್ರಗಳುಳ್ಳ ಮೇಲ್ಮೈಯಾಗಿ ತೋರುತ್ತದೆ. ರಂಧ್ರಗಳು ಎರಡು ಅಥವಾ ಹೆಚ್ಚಾಗಿದ್ದರೆ ಭಿನ್ನರಾಶಿಗಳಲ್ಲಿ ಪರಿಹಾರಗಳು ಪರಿಮಿತವೆಂದು 1922ರಲ್ಲಿ ಇಂಗ್ಲೆಂಡಿನಲ್ಲಿ ಲೂಯಿ ಮಾರ್ಡೆಲ್ ಊಹಿಸಿದರು. ಸಾಧನೆ ಬಹುಕಾಲ ಲಭಿಸಲಿಲ್ಲ.

ಇದೇ ಪ್ರಶ್ನೆಯನ್ನು ಫಲನಕ್ಷೇತ್ರದಲ್ಲಿಯೂ ಕೇಳಬಹುದು. ಅಲ್ಲಿ ಗುಣಕಗಳೂ ಪರಿಹಾರಗಳೂ ಒಂದು ಚರರಾಶಿಯ ಬಹುಪದಗಳು ಮತ್ತು ಅವುಗಳ ಭಾಗಲಬ್ಧಗಳು. ಒಂದು ನಿಯಮ ಅವಶ್ಯ: ಸಮೀಕರಣವು ಯಾವ ರೂಪಾಂತರದಿಂದಲೂ ಸ್ಥಿರಗುಣಕಗಳ ಸಮೀಕರಣವಾಗಬಾರದು. ಹಾಗಾದರೆ ಸ್ಥಿರಸಂಖ್ಯೆಗಳೇ ಅನಂತ ಪರಿಹಾರಗಳನ್ನು ಕೊಟ್ಟುಬಿಡುತ್ತವೆ. ಫಲನಗಳಿಗೆ ಸಂಖ್ಯೆಗಳಿಗಿಲ್ಲದ ಒಂದು ಅನುಕೂಲವುಂಟು, ಅವುಗಳನ್ನು ಅವಕಲಿಸಬಹುದು. 1963ರಲ್ಲಿ ಮಾಸ್ಕೋದ ಯೂರಿ ಮಾನಿನ್ ಅವಕಲ ಸಮೀಕರಣಗಳ ಬಲದಿಂದಲೇ ಫಲನಕ್ಷೇತ್ರದಲ್ಲಿ ಪರಿಮಿತತ್ವವನ್ನು ಸಾಧಿಸಿದರು. 1965ರಲ್ಲಿ ಜರ್ಮನಿಯ ಹಾನ್ಸ್ ಗ್ರಾವರ್ಟ್ ಬೇರೊಂದು ಮಾರ್ಗದಿಂದ ಅದನ್ನೇ ಸಾಧಿಸಿದರು. 1968ರಲ್ಲಿ ಪಾರ್ಶಿನ್ ತೋರಿದ ದಾರಿಯನ್ನು ಹಿಡಿದು 1983ರಲ್ಲಿ ಗೆರ್ಡ್ ಫಾಲ್ಟಿಂಗ್ಸ್ ಮಾರ್ಡೆಲ್ಲರ ಮೂಲ ಊಹೆಯನ್ನೇ ಸಿದ್ಧಪಡಿಸಿದರು.

ಇಷ್ಟಾದ ಮೇಲೆ 1963ರ ಲೇಖನವನ್ನು ಪುನಃ ಓದುವ ಅಗತ್ಯವೇನೆಂಬ ಶಂಕೆ ಸಹಜ. ಆದರೂ ಅಮೆರಿಕದ ರಾಬರ್ಟ್ ಕೋಲ್ಮನ್ ಅದನ್ನು ಪದೇ ಪದೇ ಪರಿಶೀಲಿಸಿ ಓದಿದರು. ಸಾಧನೆಯ ಮಧ್ಯದಲ್ಲಿರುವ ಒಂದು ಪ್ರಮೇಯದ ಉಪಪತ್ತಿಯಲ್ಲಿ ಲೋಪವಿರುವುದು ಅವರಿಗೆ ಕಂಡಿತು. ಆ ಪ್ರಮೇಯದ ದುರ್ಬಲ ರೂಪವೊಂದೇ ಮುಖ್ಯ ಸಿದ್ಧಾಂತಕ್ಕೆ ಸಾಕಾಗುವುದೆಂದು 1990ರಲ್ಲಿ ತೋರಿಸಿ ಅವರು ಲೋಪವನ್ನು ತುಂಬಿದರು. ಮಾನಿನ್ ಅವರೂ ಪತ್ರಿಕೆಗೆ ಬರೆದ ಪತ್ರದಲ್ಲಿ ಲೋಪವನ್ನು ಒಪ್ಪಿಕೊಂಡರು. 1991ರಲ್ಲಿ ಚಿಂಗ್-ಲೀ ಚಾಯ್ ಆ ಪ್ರಮೇಯದ ಪೂರ್ಣರೂಪವೂ ಸತ್ಯವೆಂದು ಸಾಧಿಸಿದರು. ಇಪ್ಪತ್ತೆಂಟು ವರ್ಷಗಳ ಅನಂತರ ಮಾನಿನ್ನರ ವಾಕ್ಯವೇ ನಿಂತಿತು.

ನಮ್ಮ ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಸಾಧ್ಯಕ್ಕೆ ಬಾಧೆಯುಂಟಾಗಲಿಲ್ಲ, ಹೇತುವಿಗೆ ಪುಷ್ಟಿ ದೊರೆಯಿತು. ಸಾಧ್ಯವು ಅನ್ಯಮಾರ್ಗದಿಂದ ಸಿದ್ಧವಾಗಿದೆಯೆಂಬುದು ಹೇತುವಿನ ದೋಷವನ್ನು ಮುಚ್ಚುವುದಿಲ್ಲ. ದೋಷವನ್ನು ಕಂಡವನು ಆಚಾರ್ಯನಿಗೆ ದ್ರೋಹ ಬಗೆದವನೂ ಅಲ್ಲ. ಅವನೇ ಆ ಗ್ರಂಥದ ನಿಜವಾದ ಓದುಗ.

ಮುದ್ರಿತ ಪ್ರತಿಯುಂಟು, ಅರ್ಥ ತಿಳಿದೇ ಇದೆ ಎಂಬ ಕಾರಣಕ್ಕೆ ಓಲೆಯ ಕಟ್ಟುಗಳನ್ನು ಬಿಚ್ಚದೆ ಇಡುವ ಅಭ್ಯಾಸ ನಮ್ಮಲ್ಲಿ ಇಲ್ಲದಿಲ್ಲ. ಈ ಲೇಖಕನೂ ಆ ಆಲಸ್ಯಕ್ಕೆ ಹೊರತಾದವನಲ್ಲ. ಎಲ್ಲರೂ ಒಪ್ಪಿದ ಪಾಠದಲ್ಲಿಯೂ ಒಂದು ಗ್ರಂಥಪಾತ ಅಡಗಿರಬಹುದು. ಅದನ್ನು ಕಾಣಲು ಮತ್ತೊಮ್ಮೆ ಮೊದಲ ಗರಿಯಿಂದ ಓದುವುದೊಂದೇ ಉಪಾಯ.