ಹಂದಿಗೋಡು ಕಾಯಿಲೆ: ಸಂಧಿವಾತವೋ, ಬೆಳವಣಿಗೆಯ ದೋಷವೋ?

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ವೈದ್ಯರ ಗಮನಕ್ಕೆ ಬಂದು, ಅನಂತರ ಹೊಸನಗರ, ತೀರ್ಥಹಳ್ಳಿ ಮೊದಲಾದ ತಾಲ್ಲೂಕುಗಳಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯ ಕೆಲವೆಡೆಗಳಲ್ಲಿಯೂ ಗುರುತಿಸಲ್ಪಟ್ಟ ಕೀಲುಬೇನೆಯು ಚಪ್ಪೆಯ ಕೀಲನ್ನು ಕ್ರಮೇಣ ಕೆಡಿಸಿ ಮನುಷ್ಯನ ನಡಿಗೆಯನ್ನೇ ಕಸಿದುಕೊಳ್ಳತಕ್ಕದ್ದೆಂಬುದೂ, ಅದು ಬಹುಮಟ್ಟಿಗೆ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಕೃಷಿಕಾರ್ಮಿಕ ಕುಟುಂಬಗಳಲ್ಲಿ ಕಾಣಬಂದಿತೆಂಬುದೂ, ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದೆಂಬುದೂ ಈಗ ಬಹುತೇಕ ಎಲ್ಲರೂ ಒಪ್ಪಿದ ಸಂಗತಿಗಳು. ಒಪ್ಪಿಗೆಯಿಲ್ಲದಿರುವುದು ಅದನ್ನು ಯಾವ ವರ್ಗದ ರೋಗವೆಂದು ಕರೆಯಬೇಕೆಂಬ ವಿಷಯದಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿಯವರು 1977ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ‘ಮಲೆನಾಡಿನ ಸ್ಥಾನಿಕ ಕೌಟುಂಬಿಕ ಸಂಧಿವಾತ’ವೆಂಬ ಅರ್ಥದ ಹೆಸರಿನಿಂದ ನಿರ್ದೇಶಿಸಿದರು. 1994ರಲ್ಲಿ ಅಗರ್ವಾಲ್ ಮತ್ತು ಸಂಗಡಿಗರು ಕ್ಷಕಿರಣ ಚಿತ್ರಗಳ ಆಧಾರದಿಂದ, ಇದು ಬೆನ್ನುಮಣಿಗಳೂ ಉದ್ದಮೂಳೆಗಳ ತುದಿಗಳೂ ಸರಿಯಾಗಿ ರೂಪುಗೊಳ್ಳದಿರುವ ಡಿಸ್ಪ್ಲೇಸಿಯಾದ, ಅಂದರೆ ಬೆಳವಣಿಗೆಯ ದೋಷದ, ಒಂದು ಹೊಸ ಪ್ರಭೇದವೆಂದೂ, ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಪ್ರಬಲ ಆನುವಂಶಿಕತೆಯದೆಂದೂ ಪ್ರತಿಪಾದಿಸಿದರು. ಜನರ ಬಾಯಲ್ಲಿ ಉಳಿದದ್ದು ಮಾತ್ರ ‘ಹಂದಿಗೋಡು ಕಾಯಿಲೆ’. ಊರಿನ ಹೆಸರನ್ನು ಹೊಸ ಸೋಂಕುರೋಗಗಳಿಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಲಹೆಯಿತ್ತಿತು; ಆದರೆ ಸೊರಬದ ಕ್ಯಾಸನೂರು ಮಂಗನಕಾಯಿಲೆಯ ಹೆಸರಾಗಿ 1957ರಿಂದಲೇ ಆ ಹೊರೆಯನ್ನು ಹೊತ್ತುಕೊಂಡಿರುವ ಜಿಲ್ಲೆಗೆ ಅದು ಬಹಳ ತಡವಾಗಿ ಬಂದ ಸಲಹೆ.

ನನ್ನ ಭಿನ್ನಾಭಿಪ್ರಾಯವಿರುವುದು 1977ರ ಹೆಸರಿನ ಕೊನೆಯ ಪದದೊಡನೆ. ಸ್ಥಾನಿಕ, ಕೌಟುಂಬಿಕ ಎಂಬ ವಿಶೇಷಣಗಳು ನೋಡಿದ್ದನ್ನು ಹೇಳುತ್ತವೆ. ಸಂಧಿವಾತವೆಂಬುದು ನೋಡಿದ್ದರ ಜೊತೆಗೆ ಒಂದು ಊಹೆಯನ್ನೂ ಹೇಳುತ್ತದೆ. ಸಂಧಿವಾತವು ಚೆನ್ನಾಗಿದ್ದ ಕೀಲಿಗೆ ಹೊರಗಿನಿಂದಲೋ ಒಳಗಿನಿಂದಲೋ ಬಂದೊದಗುವ ವಿಪತ್ತು. ಬೆಳವಣಿಗೆಯ ದೋಷವಾದರೋ ಕೀಲು ರೂಪುಗೊಳ್ಳುವಾಗಲೇ ಅದರೊಡನೆ ಬೆಳೆದುಬಂದದ್ದು. ಗದ್ದೆಗೆ ಹೊಡೆದ ಕೀಟನಾಶಕ ತಗುಲಿದ ಏಡಿ ಮೀನುಗಳನ್ನು ತಿಂದುದರಿಂದ ರೋಗ ಬಂದಿತೆಂಬ ಅಂದಿನ ಪ್ರಬಲ ಶಂಕೆಗೆ ಮೊದಲನೆಯ ಕಲ್ಪನೆಯು ಸಹಜವಾಗಿಯೇ ಎಡೆಮಾಡಿಕೊಟ್ಟಿತು. ಆ ಶಂಕೆ ನಿರಾಧಾರವಾದುದಲ್ಲ. ಕೃಷ್ಣಮಾಚಾರಿಯವರು ಅದಕ್ಕೆ ಕೆಲವೇ ವರ್ಷಗಳ ಹಿಂದೆ ಆಂಧ್ರದಲ್ಲಿ ಕುಡಿಯುವ ನೀರಿನ ಫ್ಲೋರೈಡಿಗೂ ಮಂಡಿಗಳು ಒಳಬಾಗುವ ವಿಕಾರಕ್ಕೂ ಇರುವ ಸಂಬಂಧವನ್ನು ಕಂಡವರು. ಅನ್ನಪಾನಗಳಲ್ಲಿ ಮೂಳೆಯ ಶತ್ರುವನ್ನು ಹುಡುಕುವುದು ಅವರಿಗೆ ಅನುಭವಸಿದ್ಧವಾದ ಮಾರ್ಗವಾಗಿದ್ದಿತು.

ಆದರೆ ರೋಗಿಯ ನಡಿಗೆಯನ್ನು ಚಲನವಿಜ್ಞಾನದ ಕಣ್ಣಿನಿಂದ ನೋಡತಕ್ಕದ್ದು. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಗಳಿಗೆ ದೇಹವೆಲ್ಲ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಆಗ ಆ ಬದಿಯ ಪಿರ್ರೆಯ ಸ್ನಾಯುಗಳು ಬಿಗಿದು ಹಿಡಿಯುವುದರಿಂದ ತೊಡೆಮೂಳೆಯ ತಲೆಯ ಮೇಲೆ ದೇಹತೂಕದ ಎರಡೂವರೆ ಮೂರು ಪಟ್ಟಿನಷ್ಟು ಒತ್ತಡ ಬೀಳುತ್ತದೆ. ಗುಳಿಯು ಆಳವಾಗಿ, ತಲೆಯು ದುಂಡಾಗಿ ಇದ್ದಲ್ಲಿ ಈ ಭಾರ ಹರಡಿಹೋಗುತ್ತದೆ. ತಲೆ ಚಪ್ಪಟೆಯಾಗಿದ್ದಲ್ಲಿ ಒಂದೇ ಅಂಚಿನ ಮೇಲೆ ಕೂಡುತ್ತದೆ. ಕಾಲೆತ್ತಿದ ಬದಿಗೆ ಚಪ್ಪೆ ಜಗ್ಗುವುದು, ಬೀಳದಂತೆ ಮುಂಡವನ್ನು ಊರಿದ ಕಾಲಿನತ್ತ ವಾಲಿಸುವುದು, ಎರಡು ಬದಿಯೂ ಕೆಟ್ಟಾಗ ಆಚೀಚೆ ತೂಗಾಡುತ್ತ ಹೋಗುವುದು, ಇವನ್ನು 1895ರಲ್ಲಿ ಟ್ರೆಂಡೆಲೆನ್‌ಬುರ್ಗ್ ಎಂಬ ಜರ್ಮನ್ ಶಸ್ತ್ರವೈದ್ಯನು ವಿವರಿಸಿದನು. ಗದ್ದೆಯಂಚಿನಲ್ಲಿ ಕೋಲೂರಿ, ಎರಡು ಹೆಜ್ಜೆಗೊಮ್ಮೆ ನಿಂತು, ಮುಂಡವನ್ನು ವಾಲಿಸಿ ವಾಲಿಸಿ ಸಾಗುವ ಮನುಷ್ಯನನ್ನು ಕಂಡವರಿಗೆ ಆ ವಿವರಣೆ ಪರಿಚಿತವೇ ಸರಿ. ಅಂಥವನಿಗೆ ಸೊಂಟ ಬಗ್ಗಿಸಿ ನೆಟ್ಟಿ ಮಾಡುವುದಾಗಲಿ, ಕುಕ್ಕರುಗಾಲಿನಲ್ಲಿ ಕೂರುವುದಾಗಲಿ ಆಗದ ಮಾತು. ಇಲ್ಲಿ ಸವೆತವು ವಾಸ್ತವವಾದುದೇ. ಆದರೆ ಅದು ರೂಪದೋಷದ ಫಲ. ಕ್ರೀಡಾವೈದ್ಯರು ಗುಳಿ ಆಳವಿಲ್ಲದಿರುವ ನರ್ತಕಿಯ ಚಪ್ಪೆಯು ಬೇಗ ಸವೆಯುವುದನ್ನು ಇದೇ ನ್ಯಾಯದಿಂದ ವಿವರಿಸುತ್ತಾರೆ.

ಇಲ್ಲಿಂದ ಮುಂದೆ ನಾನು ಹೇಳಬಯಸುವುದು ಕೊಂಚ ಧೈರ್ಯದ ಮಾತು. ಅಗರ್ವಾಲರ ತಂಡವು ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು: ಎತ್ತರದಲ್ಲಿ ಹೆಚ್ಚು ಕೊರತೆಯಿಲ್ಲದೆ ಮುಖ್ಯವಾಗಿ ಚಪ್ಪೆ ಕೆಟ್ಟವರು, ಬೆನ್ನುಮಣಿಗಳೂ ಚಪ್ಪಟೆಯಾಗಿ ಮುಂಡ ಗಿಡ್ಡವಾದವರು, ಹಲವು ಮೂಳೆಗಳ ವಿಕಾರದಿಂದ ತೀರ ಕುಳ್ಳಾದವರು. ಮೂಳೆಯ ಬೆಳವಣಿಗೆಯ ಫಲಕಗಳು ಇಪ್ಪತ್ತರ ಆಸುಪಾಸಿಗೆ ಮುಚ್ಚಿಹೋಗುವುದರಿಂದ, ಚಪ್ಪಟೆಯಾದ ಬೆನ್ನುಮಣಿಯು ತನ್ನ ಕಾಲವನ್ನು ತಾನೇ ದಾಖಲಿಸಿಕೊಂಡಿರುತ್ತದೆ. 1975ರಲ್ಲಿ ಮೂವತ್ತೈದು ದಾಟಿದ್ದ ವ್ಯಕ್ತಿಯಲ್ಲಿ ಆ ಲಕ್ಷಣವಿದ್ದುದಾದರೆ, ಅದು 1960ಕ್ಕೆ ಮೊದಲೇ, ಅಂದರೆ 1966ರ ಅಧಿಕ ಇಳುವರಿ ತಳಿಗಳೊಡನೆ ಕೀಟನಾಶಕಗಳು ಗದ್ದೆಗಳಲ್ಲಿ ವ್ಯಾಪಕವಾಗುವುದಕ್ಕೆ ಮುಂಚೆಯೇ, ಮೂಡಿರಬೇಕು. ಹೀಗಾದಲ್ಲಿ 1974ರಲ್ಲಿ ಹುಟ್ಟಿದ್ದು ರೋಗವಲ್ಲ, ಅದರ ವೈದ್ಯಕೀಯ ದಾಖಲೆ ಮಾತ್ರವೆಂದು ಹೇಳಬೇಕಾಗುತ್ತದೆ. ಕೂಲಿಕಾರರ ಕುಂಟುವಿಕೆಯು ಆಸ್ಪತ್ರೆಯ ಪುಸ್ತಕಕ್ಕೆ ಏರಲು ಅಷ್ಟು ಕಾಲ ಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ವಾದಕ್ಕೆ ಮಿತಿಗಳುಂಟು. ಇದು ಎರಡನೆಯ ಮತ್ತು ಮೂರನೆಯ ವರ್ಗಗಳಿಗೆ ಅನ್ವಯಿಸುವಷ್ಟು ನೇರವಾಗಿ ಮೊದಲನೆಯದಕ್ಕೆ ಅನ್ವಯಿಸದು. ಎತ್ತರವಾಗಿ ಬೆಳೆದು, ಅನಂತರ ಚಪ್ಪೆ ಸವೆದವನ ಕ್ಷಕಿರಣ ಚಿತ್ರದಲ್ಲಿ ಸವೆತವು ಮೂಲರೂಪವನ್ನು ಅಳಿಸಿಹಾಕಿರುವುದರಿಂದ ಮೂಳೆ ಸಾಕ್ಷಿ ನುಡಿಯಲಾರದು. ಆನುವಂಶಿಕ ದೋಷವಿದ್ದವನ ಕೀಲನ್ನು ಅಪೌಷ್ಟಿಕತೆಯೋ, ವಿಷವೋ, ಹೊರೆ ಹೊರುವ ದುಡಿಮೆಯೋ ಬೇಗ ಕೆಡಿಸಿರಬಹುದೆಂಬುದನ್ನು ನನ್ನ ವಾದವು ಅಲ್ಲಗಳೆಯುವುದೂ ಇಲ್ಲ. ಅಷ್ಟೇ ಅಲ್ಲ, ಕುಟುಂಬದಲ್ಲಿ ಹರಿದುಬರುವುದೆಲ್ಲವೂ ಆನುವಂಶಿಕವಾಗಬೇಕೆಂದಿಲ್ಲ. ಒಂದೇ ಒಲೆಯ ಅಡುಗೆಯೂ, ಒಂದೇ ಗದ್ದೆಯ ಕೆಲಸವೂ ಕುಟುಂಬದಲ್ಲಿಯೇ ಹರಿದುಬರುತ್ತವೆ.

ಆದುದರಿಂದ ಕಾರಣವನ್ನು ಹೇಳುವಲ್ಲಿ ‘ಬೆಳವಣಿಗೆಯ ದೋಷ’ವೆಂದೂ, ಮೊದಲ ವರ್ಗದವರ ಚಿಕಿತ್ಸೆಯನ್ನು ಕುರಿತು ಹೇಳುವಲ್ಲಿ ‘ಚಪ್ಪೆಯ ಕೀಲುಸವೆತ’ವೆಂದೂ ಎರಡು ಹಂತದ ಪರಿಭಾಷೆಯನ್ನು ಬಳಸುವುದು ಯುಕ್ತವೆಂದು ತೋರುತ್ತದೆ. ಒಂದು ಕಾಲು ಸೋತವನನ್ನು ಖಂಜನೆಂದೂ ಎರಡೂ ಸೋತವನನ್ನು ಪಂಗುವೆಂದೂ ವಿಂಗಡಿಸಿದ ಸುಶ್ರುತನಲ್ಲಿ ಚಲನೆಯ ಅಶಕ್ತಿಗೇ ಪ್ರತ್ಯೇಕ ಹೆಸರಿಡುವ ಕ್ರಮವಿರುವುದರಿಂದ ಇದು ನಮಗೆ ಅಪೂರ್ವವೂ ಅಲ್ಲ. ಮೂರು ವರ್ಗಗಳು ಒಂದೇ ದೋಷದ ತರತಮಗಳೋ ಬೇರೆ ಬೇರೆಯೋ ಎಂಬುದನ್ನು ಈ ಪರಿಭಾಷೆ ತೀರ್ಮಾನಿಸದು. ದಕ್ಷಿಣ ಆಫ್ರಿಕದ ಮ್ಸೆಲೆನಿಯಲ್ಲಿ 1970ರಲ್ಲಿ ವರದಿಯಾದ ಕೀಲುಬೇನೆಯೂ ಇದೂ ಒಂದೇ ಆಗಿರಬಹುದೇ ಎಂದು ಎರಡೂ ದೇಶಗಳ ವಿದ್ವಾಂಸರು ಸೇರಿ 1997ರಲ್ಲಿ ಎತ್ತಿದ ಪ್ರಶ್ನೆಯನ್ನೂ ಇಲ್ಲಿ ನಾನು ಮುಟ್ಟಿಲ್ಲ. ಮೊದಲ ವರ್ಗದ ಕುಟುಂಬಗಳ ಮಕ್ಕಳಲ್ಲಿ, ನೋವು ತೋರುವುದಕ್ಕೆ ಮುಂಚಿನಿಂದಲೇ, ಚಪ್ಪೆಯ ಚಿತ್ರವನ್ನೂ ನಡಿಗೆಯ ಅಳತೆಯನ್ನೂ ವರ್ಷ ವರ್ಷವೂ ಒಟ್ಟಿಗೆ ದಾಖಲಿಸುತ್ತ ಬಂದಲ್ಲಿ, ಸವೆತ ಮೊದಲೋ ರೂಪದೋಷ ಮೊದಲೋ ಎಂಬುದು ಆ ವರ್ಗದ ಮಟ್ಟಿಗೂ ಇತ್ಯರ್ಥವಾದೀತು.